ಕುರ್ಚಿಯ ಮೇಲೂ ಜಪ ನಡೆಯುತ್ತದೆ

(ಹಿರಿಯ ನಾಗರಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲ ಹಿರಿಯರಿಗೂ ನಮಸ್ಕಾರ.

ನೆರೆ ಕೆನ್ನೆಗೆ, ತೆರೆ ಗಲ್ಲಕ್ಕೆ ಬರುವ ಮುನ್ನ, ಹಲ್ಲು ಹೋಗಿ ಬೆನ್ನು ಬಾಗುವ ಮುನ್ನ, ಕೋಲು ಹಿಡಿಯುವ ಮುನ್ನ ಪೂಜಿಸು ಎಂದು ಬಸವಣ್ಣನವರು ಹೇಳಿದ ವಚನ ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠ ಇರುತ್ತದೆ. ಶಾಲೆಯಲ್ಲಿ ಓದುವಾಗ ಆ ‘ಮುನ್ನ’ ಎಂಬ ಮಾತು ಯಾರಿಗೂ ತಟ್ಟುವುದಿಲ್ಲ. ಈಗ ತಟ್ಟುತ್ತದೆ, ಏಕೆಂದರೆ ನಾವು ಆ ಗೆರೆಯನ್ನು ದಾಟಿ ಆಗಿದೆ. ನೆರೆ ಬಂದಿದೆ, ಮಂಡಿ ಮಡಚುವುದಿಲ್ಲ, ಪುಸ್ತಕದ ಅಕ್ಷರ ಮಸುಕು, ಒಂದು ಹೊತ್ತು ಊಟ ಬಿಟ್ಟರೆ ತಲೆ ಸುತ್ತುತ್ತದೆ. ಹಾಗಾದರೆ ಹೊತ್ತು ಮೀರಿತೇ? ಮೀರಿಲ್ಲ. ಆದರೆ ಮೂವತ್ತರ ದೇಹಕ್ಕೆ ಹೊಲಿದ ಅಂಗಿಯನ್ನು ಎಪ್ಪತ್ತರಲ್ಲಿ ತೊಡಲು ಹೋಗಬಾರದು. ಇವತ್ತು ಇರುವ ದೇಹಕ್ಕೆ, ಇರುವ ಮನೆಗೆ ಸಾಧನೆಯನ್ನು ಹೊಂದಿಸಿಕೊಳ್ಳುವುದು ಹೇಗೆ ಎನ್ನುವುದಷ್ಟೇ ಇಂದಿನ ಮಾತು.

ಮೊದಲು, ಎಲ್ಲಿ ಕೆಡುತ್ತದೆ ಎಂದು ನೋಡೋಣ. ನಿವೃತ್ತಿಯಾದ ಕೂಡಲೇ ದೊಡ್ಡ ಸಂಕಲ್ಪ ಹುಟ್ಟುತ್ತದೆ. ನಾಲ್ಕಕ್ಕೆ ಏಳುವುದು, ತಣ್ಣೀರ ಸ್ನಾನ, ಒಂದು ಗಂಟೆ ಧ್ಯಾನ, ಸಹಸ್ರನಾಮ, ಗೀತೆಯ ಒಂದು ಅಧ್ಯಾಯ, ಸಂಜೆ ಭಜನೆ. ಮೂರು ವಾರ ಚೆನ್ನಾಗಿ ನಡೆಯುತ್ತದೆ. ಆಮೇಲೆ ಒಂದು ನೆಗಡಿ, ಇಲ್ಲವೇ ಮೊಮ್ಮಗುವಿನ ನಾಮಕರಣ. ಎರಡು ದಿನ ತಪ್ಪುತ್ತದೆ. ಮೂರನೇ ದಿನ ‘ಇನ್ನು ನನ್ನ ಕೈಲಾಗದು’ ಎಂಬ ಭಾವ ಬಂದು ಎಲ್ಲವೂ ನಿಂತುಹೋಗುತ್ತದೆ. ಇದನ್ನು ಸೋಮಾರಿತನ ಎಂದು ಬೈದುಕೊಳ್ಳಬೇಡಿ. ಆ ದಿನಚರಿಯನ್ನು ಕಟ್ಟಿದ್ದೇ ಮೈ ಹಗುರಾಗಿರುವ ದಿನದ ಅಳತೆಗೆ. ವಯಸ್ಸಾದ ಮೇಲೆ ನಿಯಮವನ್ನು ಮೈ ಸರಿಯಿಲ್ಲದ ದಿನದ ಅಳತೆಗೆ ಕಟ್ಟಬೇಕು. ಜ್ವರ ಬಂದು ಹಾಸಿಗೆಯಲ್ಲಿ ಮಲಗಿದ್ದಾಗಲೂ ಎಷ್ಟು ಆಗುತ್ತದೋ ಅಷ್ಟೇ ನಿಯಮ. ಉಳಿದದ್ದೆಲ್ಲ ಆದ ದಿನ ಆಗಲಿ. ಅಭ್ಯಾಸ ಗಟ್ಟಿಯಾಗಲು ಯೋಗಸೂತ್ರ ಬರೆದ ಪತಂಜಲಿ ಹೇಳುವುದು ಮೂರು: ಬಹುಕಾಲ ಮಾಡಬೇಕು, ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ದಿನಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕ ಆ ಸೂತ್ರದಲ್ಲಿ ಇಲ್ಲವೇ ಇಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ. ಪಂಚಾಕ್ಷರಿಯಂಥ ಕಿರಿಯ ಮಂತ್ರಕ್ಕೆ ಎರಡು ಸೆಕೆಂಡು ಹಿಡಿದರೆ 108 ಮಣಿಯ ಒಂದು ಸುತ್ತಿಗೆ ಮೂರೂವರೆ ನಿಮಿಷ ಬೇಕು. ಐದು ನಿಮಿಷ ಉಸಿರಿನ ಅಭ್ಯಾಸ, ಒಂದು ಶ್ಲೋಕ ಅಥವಾ ಒಂದು ವಚನ. ಎಲ್ಲ ಸೇರಿ ಹದಿನೈದು ನಿಮಿಷ. ಗೀತೆಯಲ್ಲಿ 700 ಶ್ಲೋಕಗಳಿವೆ. ದಿನಕ್ಕೆ ಒಂದೇ ಓದಿದರೂ ಎರಡು ವರ್ಷದೊಳಗೆ ಮುಗಿಯುತ್ತದೆ. ಓದುವಾಗ ಮೂರು ಸಲ ಓದಿ: ಮೊದಲ ಸಲ ಬರೀ ಉಚ್ಚಾರಣೆಗೆ, ಎರಡನೆಯ ಸಲ ಅರ್ಥಕ್ಕೆ, ಮೂರನೆಯ ಸಲ ಯಾವ ಪದ ಮನಸ್ಸಿಗೆ ಅಂಟಿತೋ ಅದಕ್ಕಾಗಿ. ಆ ಒಂದು ಪದವನ್ನು ಸಂಜೆಯವರೆಗೆ ಜೊತೆಗೆ ಇಟ್ಟುಕೊಳ್ಳಿ. ಒಂದು ಅಧ್ಯಾಯವನ್ನು ಗಡಿಬಿಡಿಯಲ್ಲಿ ಮುಗಿಸುವುದಕ್ಕಿಂತ ಇದು ಒಳಗಿಳಿಯುತ್ತದೆ.

ಯಾವ ಹೊತ್ತು ಒಳ್ಳೆಯದು? ಬ್ರಾಹ್ಮೀ ಮುಹೂರ್ತ ಎಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರುವ ಕಾಲ. ವಯಸ್ಸಾದವರಿಗೆ ಆ ಹೊತ್ತಿನಲ್ಲಿ ಏಳಲು ಅಲಾರಾಂ ಬೇಕಿಲ್ಲ. ನಿದ್ದೆಯ ಗಡಿಯಾರವೇ ಹಿಂದಕ್ಕೆ ಸರಿದಿರುತ್ತದೆ. ರಾತ್ರಿ ಒಂಬತ್ತಕ್ಕೆ ಕಣ್ಣು ಎಳೆಯುತ್ತದೆ, ಬೆಳಗಿನ ಜಾವ ಎಚ್ಚರವಾಗುತ್ತದೆ. ಬಹಳ ಮಂದಿ ಆ ಹೊತ್ತನ್ನು ಕತ್ತಲಲ್ಲಿ ಮಕ್ಕಳ ಚಿಂತೆ, ಹಳೆಯ ಅವಮಾನ, ಕಾಯಿಲೆಯ ಭಯ ಮೆಲುಕು ಹಾಕುತ್ತ ಕಳೆಯುತ್ತಾರೆ. ಆಗ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಒಂದು ಸುತ್ತು ಜಪ ಮಾಡಿ. ಮಣಿಸರವನ್ನು ದಿಂಬಿನ ಪಕ್ಕದಲ್ಲೇ ಒಂದು ಬಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳಿ. ಮಡಿ, ಸ್ನಾನ ಆಮೇಲೆ ಆಗಲಿ. ಚಳಿಗಾಲದ ಬೆಳಗಿನ ಜಾವ ತಣ್ಣೀರು ಹೊಯ್ದುಕೊಂಡರೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ಹೃದಯದ ತೊಂದರೆ ಇರುವವರು ಬೆಚ್ಚಗಿನ ನೀರನ್ನೇ ಬಳಸಿ.

ಇನ್ನು ಕೂರುವ ಬಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮಾತ್ರ ಪೂಜೆ ಎಂಬ ನಂಬಿಕೆ ಎಷ್ಟೋ ಜನರ ಸಾಧನೆಯನ್ನು ಮಂಡಿನೋವಿನ ಜೊತೆಗೇ ನಿಲ್ಲಿಸಿಬಿಟ್ಟಿದೆ. ಸ್ಥಿರವಾಗಿ, ಸುಖವಾಗಿ ಕೂರಲು ಬರುವುದೇ ಆಸನ ಎಂದು ಯೋಗಸೂತ್ರ ಹೇಳುತ್ತದೆ; ನೆಲದ ಮಾತು ಅಲ್ಲಿಲ್ಲ. ಇಳಿವಯಸ್ಸಿನವರು, ಕಾಯಿಲೆಯವರು ಕುರ್ಚಿಯಲ್ಲಿ ಕೂತು, ಅದೂ ಆಗದಿದ್ದರೆ ಮಲಗಿಯೇ ನಮಾಜು ಮಾಡಬಹುದೆಂದು ಇಸ್ಲಾಂ ಸ್ಪಷ್ಟವಾಗಿ ಅನುಮತಿಸುತ್ತದೆ. ಕುರ್ಚಿಗೆ ಎರಡು ಕೈಗಳಿರಲಿ, ಚಕ್ರ ಇರಬಾರದು. ಪಾದ ಎರಡೂ ಪೂರ್ತಿ ನೆಲಕ್ಕೆ ತಾಗಬೇಕು. ಸಾಮಾನ್ಯವಾಗಿ 17–18 ಇಂಚಿನ ಎತ್ತರ ಸರಿಹೋಗುತ್ತದೆ, ಕುಳ್ಳಗಿದ್ದವರು ಕಾಲಡಿ ಮಣೆ ಇಟ್ಟುಕೊಳ್ಳಲಿ. ಸೊಂಟದ ಹಿಂದೆ ಒಂದು ಸಣ್ಣ ದಿಂಬು. ಸೋಫಾ ಬೇಡ, ಅದರಲ್ಲಿ ಬೆನ್ನು ಕುಸಿದು ನಿದ್ದೆ ಬರುತ್ತದೆ. ಇಷ್ಟಲಿಂಗ ಪೂಜೆ ಮಾಡುವವರಿಗೆ ಎಡಗೈ ಚಾಚಿ ಹಿಡಿದು ದೃಷ್ಟಿ ನಿಲ್ಲಿಸುವಾಗ ಭುಜ ಸೋಲುತ್ತದೆ, ಕೈ ನಡುಗುತ್ತದೆ. ಕುರ್ಚಿಯ ಕೈ ಮೇಲೆ ಮಡಿಬಟ್ಟೆ ಹಾಸಿದ ದಿಂಬಿಟ್ಟು ಅದರ ಮೇಲೆ ಮೊಣಕೈ ಊರಿ. ಲಿಂಗ ಕಣ್ಣಿನ ನೇರಕ್ಕೆ ಬರುವಷ್ಟು ದಿಂಬಿನ ಎತ್ತರ ಸರಿಮಾಡಿಕೊಳ್ಳಿ.

ಹೆಬ್ಬೆರಳ ಬುಡದಲ್ಲಿ ನೋವಿದ್ದವರಿಗೆ ಸಣ್ಣ ಮಣಿ ಜಾರಿಸುವುದು ಕಷ್ಟ. ದಪ್ಪ ಮರದ ಮಣಿಯ ಸರ ತೆಗೆದುಕೊಳ್ಳಿ, ಅಥವಾ ಬೆರಳ ಗೆಣ್ಣುಗಳಲ್ಲಿ ಎಣಿಸಿ. ನಾಲ್ಕು ಬೆರಳಿನ ಮೂರು ಮೂರು ಗೆಣ್ಣು ಹನ್ನೆರಡಾಯಿತು, ಒಂಬತ್ತು ಸುತ್ತಿಗೆ 108. ಕರಮಾಲೆಯ ಸಂಪ್ರದಾಯ ಬಲ್ಲವರು ನಡುಬೆರಳಿನ ಎರಡು ಗೆಣ್ಣು ಬಿಟ್ಟು ಹತ್ತರ ಲೆಕ್ಕ ಇಡುತ್ತಾರೆ, ಹಾಗೂ ಮಾಡಬಹುದು. ಎಣಿಕೆ ತಪ್ಪಿತೆಂದು ಮೊದಲಿನಿಂದ ಶುರು ಮಾಡುವ ಹಟ ಬೇಡ, ನೆನಪಿದ್ದಲ್ಲಿಂದ ಮುಂದುವರಿಸಿ.

ಒಂದು ಅಪಾಯವನ್ನು ಮಾತ್ರ ದಯವಿಟ್ಟು ಗಮನದಲ್ಲಿಡಿ. ಇಪ್ಪತ್ತು ನಿಮಿಷ ಕೂತು ಥಟ್ಟನೆ ಎದ್ದಾಗ, ಅಥವಾ ಸಾಷ್ಟಾಂಗ ಹಾಕಿ ಮೇಲೇಳುವಾಗ, ರಕ್ತ ಕಾಲಿಗಿಳಿದು ತಲೆಗೆ ಕಡಿಮೆಯಾಗುತ್ತದೆ. ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಕಣ್ಣು ಕತ್ತಲೆ ಬಂದು ದೇವರ ಮನೆಯ ಹೊಸಿಲಿಗೆ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ. ಆದ್ದರಿಂದ ಏಳುವ ಮೊದಲು ಕಣ್ಣು ತೆರೆದು ಒಂದು ನಿಮಿಷ ಕೂತಿರಿ, ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏನನ್ನಾದರೂ ಹಿಡಿದು ಎದ್ದು, ನಿಂತಲ್ಲೇ ಹತ್ತು ಎಣಿಸಿ ಹೆಜ್ಜೆ ಇಡಿ. ಸಾಷ್ಟಾಂಗದ ಬದಲು ಕೈ ಜೋಡಿಸಿ ತಲೆಬಾಗಿದರೂ ನಮಸ್ಕಾರ ಸಲ್ಲುತ್ತದೆ.

ಉಸಿರಿನ ಅಭ್ಯಾಸ ಸರಳವಾಗಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಕಷ್ಟವಾದರೆ ಮೂರು, ನಾಲ್ಕು. ಉಸಿರು ಕಟ್ಟಿ ಹಿಡಿಯಬೇಡಿ. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಗ್ಲಾಕೋಮಾ ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಟಿವಿ ನೋಡಿಕೊಂಡು ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಮಾಡುವುದು ಸರಿಯಲ್ಲ. ಹಾಗೆಯೇ, ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡವರ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಯಾವುದೂ ಕೂಡದು. ಆಮ್ಲಜನಕ ಹೀರಿದ ಸೀರೆ, ಹೊದಿಕೆ ಕಿಡಿ ತಾಗಿದರೆ ಕ್ಷಣದಲ್ಲಿ ಧಗ್ಗೆಂದು ಹೊತ್ತುತ್ತವೆ. ಅಂಥ ಮನೆಯಲ್ಲಿ ಬ್ಯಾಟರಿ ದೀಪವೇ ದೇವರಿಗೆ ಸಾಕು.

ಉಪವಾಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಭಕ್ತಿಯ ಹೆಸರಿನಲ್ಲಿ ಹಿರಿಯರು ಆಸ್ಪತ್ರೆ ಸೇರುವ ದಾರಿಗಳಲ್ಲಿ ಇದೂ ಒಂದು. ವರ್ಷಕ್ಕೆ 24 ಏಕಾದಶಿ, ಜೊತೆಗೆ ಶಿವರಾತ್ರಿ, ಶ್ರಾವಣದ ವಾರಗಳು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಚಿಕ್ಕವರಿಗೆ ಬೆವರು, ನಡುಕ ಬಂದು ಮೊದಲೇ ಸೂಚನೆ ಸಿಗುತ್ತದೆ. ಹಿರಿಯರಲ್ಲಿ ಎಷ್ಟೋ ಸಲ ಮೊದಲು ಕಾಣುವುದೇ ತಬ್ಬಿಬ್ಬು, ತೊದಲು ಮಾತು, ತೂಕಡಿಕೆ. ಮನೆಯವರು ‘ಉಪವಾಸದ ಸುಸ್ತು’ ಎಂದು ಮಲಗಲು ಬಿಡುತ್ತಾರೆ, ಅದೇ ತಪ್ಪು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಆಮೇಲೆ ಊಟ ಕೊಡಿ. ನುಂಗಲಾರದಷ್ಟು ಮಂಪರು ಇದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದಕ್ಕೆ ಹೆದರಿ ಉಪವಾಸದ ದಿನ ಮಾತ್ರೆಯನ್ನೇ ತಾವಾಗಿ ಬಿಟ್ಟುಬಿಡುವವರಿದ್ದಾರೆ, ಅದೂ ಅಪಾಯ. ಹಿಂದಿನ ವಾರವೇ ವೈದ್ಯರನ್ನು ಕೇಳಿ. ಅನ್ನ ಬಿಟ್ಟು ಸಾಬಕ್ಕಿ, ಅವಲಕ್ಕಿ, ಬಾಳೆಹಣ್ಣು ಹೊಟ್ಟೆತುಂಬ ತಿಂದರೆ ಸಕ್ಕರೆ ಅನ್ನಕ್ಕಿಂತ ಹೆಚ್ಚೇ ಏರಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ದಿನವಿಡೀ ಎಳನೀರು, ಹಣ್ಣು ಒಳ್ಳೆಯದಲ್ಲ. ಅವುಗಳ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತ ಕೆಡಿಸುತ್ತದೆ.

ಧರ್ಮ ಇದಕ್ಕೆ ಒಪ್ಪುತ್ತದೆಯೇ ಎಂದು ಕೇಳುವಿರಿ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಗುರುವಿನ ಮಾತು, ಔಷಧ ಇವುಗಳಿಂದ ವ್ರತ ಕೆಡುವುದಿಲ್ಲವೆಂಬ ಶ್ಲೋಕ ಮಹಾಭಾರತದಲ್ಲೇ ಇದೆ. ಏಕಾದಶಿಯ ಕಡ್ಡಾಯವನ್ನು ಎಂಟು ದಾಟಿದವರಿಗೆ, ಎಂಬತ್ತು ತುಂಬದವರಿಗೆ ಎಂದೇ ಶಾಸ್ತ್ರ ಹೇಳುತ್ತದೆ. ರಂಜಾನ್ ಉಪವಾಸ ಮಾಡಲಾರದ ವೃದ್ಧರು ಅದರ ಬದಲಿಗೆ ಬಡವರಿಗೆ ಊಟ ಕೊಡಬಹುದು. ಕ್ಯಾಥೊಲಿಕ್ ಕ್ರೈಸ್ತರಲ್ಲಿ 60ನೇ ವರ್ಷಕ್ಕೆ ಕಾಲಿಟ್ಟವರಿಗೆ ಉಪವಾಸದ ಕಟ್ಟಳೆ ಇಲ್ಲ. ಹಿಂದಿನವರು ಮುಪ್ಪನ್ನು ಕಂಡೇ ಈ ಬಾಗಿಲು ತೆರೆದಿಟ್ಟರು. ಊಟ ಬಿಡಲಾಗದವರು ಆ ದಿನ ಎರಡು ಗಂಟೆ ಮೌನ ಹಿಡಿಯಿರಿ, ಫೋನು ಮುಚ್ಚಿಡಿ, ಅಥವಾ ಒಬ್ಬರ ಮೇಲಿನ ದೂರನ್ನು ಆ ದಿನ ಬಾಯಿಗೆ ತರದಿರಿ. ಮಾಡಿ ನೋಡಿದರೆ ಇದು ಊಟ ಬಿಡುವುದಕ್ಕಿಂತ ಕಷ್ಟದ್ದು.

ವ್ರತದ ಬಗ್ಗೆ ಇನ್ನೊಂದು ಪ್ರಶ್ನೆ ನೀವೇ ಕೇಳಿಕೊಳ್ಳಬೇಕು: ನನ್ನ ವ್ರತದ ಕೆಲಸ ಯಾರ ಮೈಮೇಲೆ ಬೀಳುತ್ತಿದೆ? ಮಾವನವರ ಫಲಾಹಾರಕ್ಕೆ ಸೊಸೆ ಐದಕ್ಕೆ ಎದ್ದು ಬೇರೆ ಅಡುಗೆ ಮಾಡಿ ಆಮೇಲೆ ಕೆಲಸಕ್ಕೆ ಓಡುತ್ತಿದ್ದರೆ, ಆ ವ್ರತದ ಪುಣ್ಯದ ಲೆಕ್ಕ ಬೇರೆಯೇ ಇದೆ. ಪರೀಕ್ಷೆಗೆ ಓದುವ ಮೊಮ್ಮಗಳ ಕೋಣೆಗೆ ಸುಪ್ರಭಾತ ಕೇಳಿಸುವಷ್ಟು ಗಟ್ಟಿ ಹಾಕುವುದೂ ಹಾಗೆಯೇ. ಕಿವಿ ಮಂದವಾದವರಿಗೆ ತಾವು ಎಷ್ಟು ಗಟ್ಟಿ ಹಾಕಿದ್ದೇವೆಂದು ಗೊತ್ತಾಗುವುದಿಲ್ಲ. ಒಂದು ಹೆಡ್‌ಫೋನು ತರಿಸಿಕೊಳ್ಳಿ. ಓದಲು ದಪ್ಪಕ್ಷರದ ಪ್ರತಿ ಮಾಡಿಸಿಕೊಳ್ಳಿ, 20 ಪಾಯಿಂಟ್‌ನಲ್ಲಿ ಮುದ್ರಿಸಿದರೆ ಹೆಚ್ಚಿನವರಿಗೆ ಸುಲಭವಾಗುತ್ತದೆ. ಪ್ರವಚನ ಕೇಳುವುದು ಒಳ್ಳೆಯದೇ. ಆದರೆ ದಿನಕ್ಕೆ ಮೂರು ಗಂಟೆ ಕೇಳಿ ಹತ್ತು ನಿಮಿಷವೂ ಸುಮ್ಮನೆ ಕೂರದಿದ್ದರೆ ಕೇಳಿದ್ದು ಕಿವಿಯಲ್ಲೇ ನಿಲ್ಲುತ್ತದೆ.

ಈಗ ಬಹಳ ಮುಖ್ಯವಾದ ಮಾತು. ಹಿರಿಯರೊಬ್ಬರು ಮಾತು ಕಡಿಮೆ ಮಾಡಿದರೆ, ಊಟ ಬೇಡ ಎಂದರೆ, ಯಾವುದರಲ್ಲೂ ಆಸೆ ಇಲ್ಲ ಎಂದರೆ ಮನೆಯವರು ‘ವೈರಾಗ್ಯ ಬಂದಿದೆ’ ಎನ್ನುತ್ತಾರೆ. ಅನೇಕ ಸಲ ಅದು ಖಿನ್ನತೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ ಬೇರೆ. ವೈರಾಗ್ಯ ಬಂದವರು ವಸ್ತುಗಳನ್ನು ಬಿಡುತ್ತಾರೆ, ಜನರ ಮೇಲಿನ ಪ್ರೀತಿ ಬಿಡುವುದಿಲ್ಲ. ಮಗು ಬಂದರೆ ಮುಖ ಅರಳುತ್ತದೆ, ನಿದ್ದೆ ಬರುತ್ತದೆ, ಪೂಜೆಯಲ್ಲಿ ರುಚಿ ಇರುತ್ತದೆ. ಖಿನ್ನತೆಯಲ್ಲಿ ಪೂಜೆಯೂ ಬೇಡವಾಗುತ್ತದೆ, ಮೊಮ್ಮಗುವೂ ಬೇಡವಾಗುತ್ತದೆ, ತೂಕ ಇಳಿಯುತ್ತದೆ, ‘ನಾನು ಎಲ್ಲರಿಗೂ ಭಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಹೀಗಾಗುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮಾತ್ರೆ ತೆಗೆದುಕೊಂಡರೆ ಭಕ್ತಿ ಕಡಿಮೆಯಾಯಿತೆಂದು ಅರ್ಥವಲ್ಲ. ಕಣ್ಣಿಗೆ ಪೊರೆ ಬಂದರೆ ತೆಗೆಸುವುದಿಲ್ಲವೇ? 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ಗಂಡ ತೀರಿಕೊಂಡ ಹೆಣ್ಣುಮಕ್ಕಳ ವಿಷಯ ಇಲ್ಲಿ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಐವತ್ತು ವರ್ಷ ಅರಿಸಿನ ಕುಂಕುಮಕ್ಕೆ ಎಲ್ಲರನ್ನೂ ಕರೆದವರನ್ನು, ಹಾಡು ಕಲಿಸಿದವರನ್ನು, ಒಂದೇ ದಿನದಲ್ಲಿ ಶುಭಕಾರ್ಯದ ಹಿಂದಿನ ಸಾಲಿಗೆ ತಳ್ಳುತ್ತೇವೆ. ದುಃಖದ ಮೇಲೆ ಈ ಬರೆ. ಭಜನಾ ಮಂಡಳಿ ನಡೆಸುವವರು ಇದನ್ನು ಸರಿಪಡಿಸಬಲ್ಲರು: ಆ ತಾಯಂದಿರ ಕೈಯಲ್ಲೇ ದೀಪ ಹಚ್ಚಿಸಿ, ಮೊದಲ ಪದ ಅವರಿಂದಲೇ ಎತ್ತಿಸಿ, ಮನೆಗೆ ಹೋಗಿ ಕರೆದುಕೊಂಡು ಬನ್ನಿ.

ಇಷ್ಟು ಹೊತ್ತು ಮಾಡುವುದರ ಬಗ್ಗೆ ಮಾತಾಡಿದೆವು. ಮುಪ್ಪಿನ ಅತಿ ಕಷ್ಟದ ಸಾಧನೆ ಮಾಡಿಸಿಕೊಳ್ಳುವುದು. ಜೀವಮಾನವಿಡೀ ಇನ್ನೊಬ್ಬರಿಗೆ ಬಡಿಸಿದ ಕೈಗೆ ಈಗ ಯಾರೋ ತುತ್ತು ಇಡುತ್ತಾರೆ. ಯಾರೋ ಸ್ನಾನ ಮಾಡಿಸುತ್ತಾರೆ, ಬಟ್ಟೆ ಬದಲಿಸುತ್ತಾರೆ. ನಾಚಿಕೆ ಸಿಟ್ಟಾಗಿ ಹೊರಬರುತ್ತದೆ. ನೋಡಿಕೊಳ್ಳುವ ಹುಡುಗಿಯ ಮೇಲೆ, ಸೊಸೆಯ ಮೇಲೆ ಮಾತು ಹರಿತವಾಗುತ್ತದೆ. ಅಹಂಕಾರ ಕರಗಲಿ ಎಂದು ವರ್ಷಗಟ್ಟಲೆ ಪ್ರಾರ್ಥಿಸಿದವರಿಗೆ ಅದು ಕರಗುವ ಸಂದರ್ಭ ಬಂದಾಗ ಗುರುತೇ ಸಿಗುವುದಿಲ್ಲ. ಇದಕ್ಕೂ ಅಭ್ಯಾಸ ಬೇಕು, ಮತ್ತು ಅದನ್ನು ಕೈಕಾಲು ಗಟ್ಟಿ ಇರುವಾಗಲೇ ಶುರು ಮಾಡಬೇಕು. ದಿನಕ್ಕೆ ಒಂದು ಸಣ್ಣ ಸಹಾಯವನ್ನು ಕೇಳಿ ಪಡೆಯಿರಿ: ಒಂದು ಲೋಟ ನೀರು, ಸೂಜಿಗೆ ದಾರ. ಬೇಡ, ನಾನೇ ಮಾಡಿಕೊಳ್ಳುತ್ತೇನೆ ಎನ್ನದೆ ತೆಗೆದುಕೊಳ್ಳಿ. ಸ್ನಾನ ಮಾಡಿಸುವವರ ಹೆಸರು ಹಿಡಿದು ಕರೆಯಿರಿ. ‘ತಾಯೀ, ಈ ಕಡೆ ತಿರುಗಲೇ?’ ಎಂದು ಕೇಳಿ ಅವರ ಕೆಲಸ ಹಗುರ ಮಾಡಿ. ಆ ಹೊತ್ತಿನಲ್ಲಿ ಮನಸ್ಸಿನೊಳಗೆ ಜಪ ನಡೆಯಲಿ. ಅಭಿಷೇಕ ಮಾಡುವಾಗ ದೇವರಿಗೆ ನಾವು ಎಷ್ಟು ಮೆಲ್ಲಗೆ ನೀರು ಹಾಕುತ್ತಿದ್ದೆವು ಎಂದು ನೆನಪಿಸಿಕೊಳ್ಳಿ. ಯಾರೋ ನಮಗೂ ಹಾಗೆ ಹಾಕುತ್ತಿದ್ದಾರೆ.

ಜಪಕ್ಕೆ ಕೂತಾಗ ಮತ್ತೆ ಮತ್ತೆ ಏಳುವ ಯೋಚನೆಗಳಲ್ಲಿ ಅರ್ಧದಷ್ಟು ಮುಗಿಸದ ಕೆಲಸಗಳು. ಅವನ್ನು ಮುಗಿಸಿದರೆ ಮನಸ್ಸು ತಾನಾಗಿ ನಿಲ್ಲುತ್ತದೆ. ಉಯಿಲು ಬರೆಯಿರಿ; ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ತಕರಾರು ಕಡಿಮೆ. ಬ್ಯಾಂಕಿನ ಠೇವಣಿಗೆ ನಾಮಿನಿ ಬರೆದ ಮಾತ್ರಕ್ಕೆ ಹಣ ಅವರದ್ದಾಗುವುದಿಲ್ಲ, ವಾರಸುದಾರರಿಗೆ ತಲುಪಿಸುವ ಹೊಣೆ ಅವರದು. ಕೊನೆಯ ದಿನಗಳಲ್ಲಿ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಕ್ರಮವನ್ನು ಸುಲಭ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಮಕ್ಕಳನ್ನು ಕೂರಿಸಿಕೊಂಡು ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿ. ಐಸಿಯು ಬಾಗಿಲಲ್ಲಿ ಅವರು ಒಬ್ಬರನ್ನೊಬ್ಬರು ದೂರುವುದು ತಪ್ಪುತ್ತದೆ.

ಮುಗಿಸದ ಕೆಲಸದಲ್ಲಿ ಮುರಿದ ಸಂಬಂಧವೂ ಸೇರಿತು. ಜೈನರು ಪರ್ಯುಷಣ ಎಂಬ ತಮ್ಮ ವಾರ್ಷಿಕ ಪರ್ವದ ಕೊನೆಗೆ ಎಲ್ಲರಲ್ಲೂ ಕ್ಷಮೆ ಕೇಳುವ ಪದ್ಧತಿ ಇಟ್ಟುಕೊಂಡಿದ್ದಾರೆ, ಅದನ್ನು ಯಾರು ಬೇಕಾದರೂ ಕಲಿಯಬಹುದು. ಮೂವರ ಹೆಸರು ಬರೆದುಕೊಳ್ಳಿ. ಸುಲಭವಾದವರಿಂದ ಶುರು ಮಾಡಿ. ಫೋನು ಮಾಡಿ ‘ಆ ದಿನ ನನ್ನಿಂದ ತಪ್ಪಾಯಿತು’ ಎಂದಷ್ಟೇ ಹೇಳಿ. ‘ಆದರೆ ನೀನೂ...’ ಎಂದು ಮುಂದುವರಿಸಿದರೆ ಕೆಟ್ಟಿತು. ಅವರು ಒಪ್ಪಲೇಬೇಕೆಂದು ಕಾಯಬೇಡಿ. ತೀರಿಕೊಂಡವರಾದರೆ ಪತ್ರ ಬರೆದು ಒಂದು ಸಲ ಗಟ್ಟಿಯಾಗಿ ಓದಿ.

ಕೊನೆಯದಾಗಿ, ಇಂಥ ಸಭೆಗಳಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ: ಮರೆವಿನ ಕಾಯಿಲೆ ಬಂದವರಿಗೆ ಸಾಧನೆ ಏನು ಉಳಿಯಿತು? ಹೆಂಡತಿಯ ಹೆಸರು ಮರೆತವರಿಗೂ ಎಳೆಯ ವಯಸ್ಸಿನಲ್ಲಿ ಕಲಿತ ಹಾಡು ಬಹಳ ಕಾಲ ಉಳಿದಿರುತ್ತದೆ. ಧಾಟಿ ಹಿಡಿದರೆ ಪದ ತಾನಾಗಿ ಬರುತ್ತದೆ. ಆದರೆ ಆ ಹಾಡು ಯಾವುದು ಎಂದು ಮನೆಯವರಿಗೆ ಗೊತ್ತಿರಬೇಕಲ್ಲ? ಆದ್ದರಿಂದ ಈಗಲೇ, ನೆನಪು ಚೆನ್ನಾಗಿರುವಾಗಲೇ, ಒಂದು ನೋಟುಪುಸ್ತಕದಲ್ಲಿ ನಿಮ್ಮ ಹತ್ತು ಹಾಡು, ಸ್ತೋತ್ರ, ವಚನಗಳ ಮೊದಲ ಸಾಲು ಬರೆದಿಡಿ. ಪ್ರತಿಯೊಂದನ್ನೂ ನಿಮ್ಮ ದನಿಯಲ್ಲೇ ಫೋನಿನಲ್ಲಿ ಧ್ವನಿಮುದ್ರಿಸಿ ಮಕ್ಕಳಿಗೆ ಕಳಿಸಿ. ಕ್ಯಾಸೆಟ್ಟಿನಲ್ಲಿ ಹೆಸರಾಂತ ಗಾಯಕರು ಹಾಡಿದ ಧಾಟಿ ಬೇಡ. ನಿಮ್ಮ ತಾಯಿ ತೊಟ್ಟಿಲು ತೂಗುತ್ತಲೋ ಬೀಸುಕಲ್ಲಿನ ಮುಂದೆ ಕೂತೋ ಹಾಡುತ್ತಿದ್ದ ಧಾಟಿಯಲ್ಲೇ ಹಾಡಿ, ಶ್ರುತಿ ತಪ್ಪಿದರೂ ಪರವಾಗಿಲ್ಲ.